16 ಪಿಟೀಲಲ್ಲಿ ಒಂದಾಗೋಕೆ 15 ವರ್ಷ

ಮೊನ್ನೆ ಮನೇಲಿ ಯೂಟ್ಯೂಬಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ಕಾನ್ಸರ್ಟ್ ಹಾಕ್ಕೊಂಡು ಕೂತಿದ್ದೆ. ಚಿಕ್ಕಮ್ಮನ ಮಗ ಬಂದವನು ಎರಡು ನಿಮಿಷ ನೋಡಿ ಕೇಳಿದ, "ಅಲ್ಲಣ್ಣ, ಹದಿನಾರು ಜನ ಪಿಟೀಲಲ್ಲಿ ಒಂದೇ ನುಡಿಸ್ತಿದಾರೆ, ಅದ್ರಲ್ಲಿ ಹಿಂದೆ ಕೂತಿರೋ ಆ ಹುಡುಗಿ ಸುಮ್ನೆ ಕಮಾನು ಆಡಿಸ್ಕೊಂಡಿದ್ರೆ ಯಾರಿಗೆ ಗೊತ್ತಾಗುತ್ತೆ? ಅದಕ್ಕೂ ಸಂಬಳನಾ?"

ನಗು ಬಂತು, ಆದ್ರೆ ತೆಗೆದು ಹಾಕೋ ಪ್ರಶ್ನೆ ಅಲ್ಲ ಅದು. ಆ ಹಿಂದಿನ ಕುರ್ಚಿಗೆ ಬರೋಕೆ ಅವಳು ಐದಾರನೇ ವಯಸ್ಸಿಂದ ದಿನಾ ಗಂಟೆಗಟ್ಟಲೆ ಸಾಧನೆ ಮಾಡಿರ್ತಾಳೆ, ನೂರಾರು ಜನರ ಜೊತೆ ಪೈಪೋಟಿಗೆ ಬಿದ್ದಿರ್ತಾಳೆ, ಕೊನೆಗೆ ಅಲ್ಲಿ ಕೂತ್ಮೇಲೆ ಅವಳ ಕೆಲಸ ಏನಪ್ಪಾ ಅಂದ್ರೆ ಅವಳೊಬ್ಬಳ ಪಿಟೀಲು ಬೇರೆಯಾಗಿ ಕೇಳಿಸದ ಹಾಗೆ ನೋಡ್ಕೊಳ್ಳೋದು. ನಾನು ಮೈಸೂರಲ್ಲಿ ಚಿಕ್ಕವನಿದ್ದಾಗ ಮೂರು ವರ್ಷ ಪಿಟೀಲು ಕಲಿತು ವರ್ಣಕ್ಕೆ ಬರೋ ಹೊತ್ತಿಗೆ ಕೈಬಿಟ್ಟೋನು, ಅದಕ್ಕೇ ಏನೋ ಈ ಕೆಲಸದ ವಿಚಿತ್ರ ನನ್ನನ್ನ ಸ್ವಲ್ಪ ಜಾಸ್ತಿನೇ ಹಿಡ್ಕೊಂಡಿದೆ.

ಮೊದ್ಲು ಆ ಕುರ್ಚಿಗಳ ಲೆಕ್ಕ. ದೊಡ್ಡ ಸಿಂಫನಿ ಆರ್ಕೆಸ್ಟ್ರಾ ಅಂದ್ರೆ ಸುಮಾರು 90-100 ಜನ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ತಂತಿವಾದ್ಯದೋರು. ಫಸ್ಟ್ ವಯಲಿನ್ 16, ಸೆಕೆಂಡ್ ವಯಲಿನ್ 14, ಅದು ಬಿಟ್ಟು ಪಿಟೀಲಿನದೇ ಜಾತಿಯ ದೊಡ್ಡ ವಾದ್ಯಗಳಾದ ವಯೋಲಾ, ಚೆಲ್ಲೊ, ಡಬಲ್ ಬೇಸ್. ಫಸ್ಟು ಸೆಕೆಂಡು ಅನ್ನೋದು ಪರೀಕ್ಷೆ ರ‍್ಯಾಂಕ್ ಅಲ್ಲ, ಎರಡಕ್ಕೂ ಬರೆದಿರೋ ಸಂಗೀತನೇ ಬೇರೆ ಬೇರೆ. ಇಬ್ಬಿಬ್ಬರಿಗೆ ಒಂದು ಸ್ಟ್ಯಾಂಡು, ಪ್ರೇಕ್ಷಕರ ಕಡೆ ಕೂತೋರು ನುಡಿಸ್ತಾನೇ ಇರ್ತಾರೆ, ಒಳಗಡೆ ಕೂತೋರು ಪುಟ ತಿರುಗಿಸ್ಬೇಕು. ಒಂದೇ ಸಾಲನ್ನ ಇಷ್ಟು ಜನ ಯಾಕೆ ಅಂದ್ರೆ, 16 ಪಿಟೀಲು ಸೇರಿದ್ರೆ ಸದ್ದು 16 ಪಟ್ಟು ಕೇಳಿಸಲ್ಲ, ಲೆಕ್ಕಕ್ಕೆ ಸುಮಾರು 12 ಡೆಸಿಬೆಲ್ ಏರುತ್ತೆ, ಕಿವಿಗೆ ಎರಡು ಎರಡೂವರೆ ಪಟ್ಟು ಅನ್ಸುತ್ತೆ ಅಷ್ಟೇ, ಹಿಂದುಗಡೆ ಟ್ರಂಪೆಟ್ಟು ಟ್ರಾಂಬೋನು ಊದೋರು ಇರೋವಾಗ ಅಷ್ಟಾದ್ರೂ ಬೇಕಲ್ಲ. ಇನ್ನೊಂದು ಲಾಭ ಅಂದ್ರೆ ಎಷ್ಟೇ ಶ್ರುತಿ ಶುದ್ಧ ಇದ್ರೂ 16 ಜನರ ಸ್ವರ ಕೂದಲೆಳೆಯಷ್ಟು ಆಚೀಚೆ ಇದ್ದೇ ಇರುತ್ತೆ, ಆ ಸಣ್ಣ ವ್ಯತ್ಯಾಸಗಳು ಒಂದರ ಮೇಲೊಂದು ಕೂತು ಆ ರೇಷ್ಮೆ ಥರದ ದಪ್ಪ ನಾದ ಬರೋದು. ಒಂಟಿ ಪಿಟೀಲನ್ನ ಮೈಕಲ್ಲಿ ಎಷ್ಟು ಜೋರು ಮಾಡಿದ್ರೂ ಅದು ಬರಲ್ಲ.

ಫಸ್ಟ್ ವಯಲಿನ್ನಿನ ಮೊದಲ ಕುರ್ಚಿಯಲ್ಲಿ ಕೂರೋರು ಕಾನ್ಸರ್ಟ್‌ಮಾಸ್ಟರ್. ಕಮಾನು ಯಾವ ಸ್ವರಕ್ಕೆ ಮೇಲೆ ಹೋಗ್ಬೇಕು, ಯಾವುದಕ್ಕೆ ಕೆಳಗೆ ಬರ್ಬೇಕು, ಎಲ್ಲಿ ಒಂದೇ ಎಳೆತದಲ್ಲಿ ನಾಲ್ಕು ಸ್ವರ ಅನ್ನೋದನ್ನೆಲ್ಲ ಅವರು ಪೆನ್ಸಿಲಲ್ಲಿ ಗುರುತು ಹಾಕ್ತಾರೆ, ಅದು ಎಲ್ಲರ ಪುಟಕ್ಕೂ ಕಾಪಿ ಆಗುತ್ತೆ. ಟಿವಿಲಿ ನೋಡಿದಾಗ ಎಲ್ಲರ ಕಮಾನೂ ಒಟ್ಟಿಗೆ ಏರಿಳಿಯೋದು ಅದಕ್ಕೇ. ಯಾವ ಬೆರಳು ಹಾಕ್ಬೇಕು ಅನ್ನೋದು ಬಹುಮಟ್ಟಿಗೆ ನಿಮ್ಮಿಷ್ಟ, ಕಮಾನು ಮಾತ್ರ ನಿಮ್ಮಿಷ್ಟ ಅಲ್ಲ.

ಈಗ ಒಬ್ಬಳು 23 ವರ್ಷದ ಹುಡುಗಿ ಅಂತ ಇಟ್ಕೊಳ್ಳಿ. ಮ್ಯೂಸಿಕ್ ಕಾಲೇಜ್ ಈಗಷ್ಟೇ ಮುಗಿಸಿದಾಳೆ. ಇಷ್ಟು ವರ್ಷ ಅವಳಿಗೆ ಪಾಠ ಆಗಿರೋದೆಲ್ಲ ಸೋಲೋ ಕಲಾವಿದೆ ಆಗೋ ಥರ. ಬಾಖ್ ಒಂಟಿ ಪಿಟೀಲಿಗೆ ಬರೆದದ್ದು, ಪಗಾನಿನಿ ಕಪ್ರೀಸು, ಚೈಕೊವ್‌ಸ್ಕಿ ಸಿಬೇಲಿಯಸ್ ಕಾನ್ಚರ್ಟೊಗಳು, ಎಲ್ಲಾದ್ರಲ್ಲೂ ಅವಳೇ ಮುಂದೆ, ಆರ್ಕೆಸ್ಟ್ರಾ ಇದ್ರೆ ಅದು ಹಿಂದೆ. ಫಿಲಡೆಲ್ಫಿಯಾದ ಕರ್ಟಿಸ್ ಇನ್‌ಸ್ಟಿಟ್ಯೂಟ್ ಥರದ್ದು ಸಿಕ್ಕಿದ್ರೆ ಪುಣ್ಯ, 1928ರಿಂದ ಅಲ್ಲಿ ಟ್ಯೂಷನ್ ಫೀಸೇ ಇಲ್ಲ, ಬೇರೆ ಕಡೆ ಆದ್ರೆ ಸಾಲ ಹೊತ್ಕೊಂಡೇ ಹೊರಗೆ ಬರ್ಬೇಕು. ಕ್ಲಾಸಲ್ಲಿ ಇಪ್ಪತ್ತು ಜನ ಇದ್ರೆ ಸೋಲೋ ಕಲಾವಿದರಾಗಿ ಹೊಟ್ಟೆ ಹೊರ್ಕೊಳ್ಳೋರು ಒಬ್ಬರು ಸಿಕ್ಕಿದ್ರೆ ಹೆಚ್ಚು, ಅದು ಮೇಷ್ಟ್ರಿಗೂ ಗೊತ್ತು ಹುಡುಗ್ರಿಗೂ ಗೊತ್ತು, ಆದ್ರೂ ಪಾಠ ಮಾತ್ರ ಹಾಗೇ ನಡೆಯುತ್ತೆ.

ಆರ್ಕೆಸ್ಟ್ರಾದೊಳಗೆ ಕೂತು ನುಡಿಸೋದನ್ನ ಕಲಿಯೋಕೆ ಬೇರೆ ದಾರಿಗಳಿವೆ. ಯುರೋಪಲ್ಲಿ 1986ರಲ್ಲಿ ಕಂಡಕ್ಟರ್ (ಮುಂದೆ ನಿಂತು ಆರ್ಕೆಸ್ಟ್ರಾ ನಡೆಸೋರು) ಕ್ಲಾಡಿಯೊ ಅಬಾಡೊ ವಿಯೆನ್ನಾದಲ್ಲಿ ಶುರುಮಾಡಿದ ಗುಸ್ತಾವ್ ಮಾಲರ್ ಯೂತ್ ಆರ್ಕೆಸ್ಟ್ರಾ ಇದೆ, 26 ವರ್ಷದ ಒಳಗಿನೋರಿಗೆ. ಅಮೆರಿಕದಲ್ಲಿ ಮಯಾಮಿ ಬೀಚಲ್ಲಿ ನ್ಯೂ ವರ್ಲ್ಡ್ ಸಿಂಫನಿ, ಮೈಕೆಲ್ ಟಿಲ್ಸನ್ ಥಾಮಸ್ 1987ರಲ್ಲಿ ಕಟ್ಟಿದ್ದು, ಕಾಲೇಜ್ ಮುಗಿಸಿದೋರು ಅಲ್ಲಿ ಮೂರು ವರ್ಷ ಸ್ಟೈಪೆಂಡ್ ತಗೊಂಡು ಆಡಿಷನ್ನಿಗೆ ತಯಾರಾಗ್ತಾರೆ. ಬರ್ಲಿನ್ನಲ್ಲಿ 1972ರಿಂದ ಕರಾಯಾನ್ ಅಕಾಡೆಮಿ, ಎರಡು ವರ್ಷ ಬರ್ಲಿನ್ ಫಿಲ್ಹಾರ್ಮೋನಿಕ್ಕಿನ ಸದಸ್ಯರ ಹತ್ರಾನೇ ಪಾಠ, ಅವರ ಪಕ್ಕದಲ್ಲೇ ಕೂತು ಕಾನ್ಸರ್ಟಲ್ಲಿ ನುಡಿಸೋದು. ಒಂಥರಾ ಗುರುಕುಲ ಅನ್ನಿ.

ಇನ್ನು ಆಡಿಷನ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದ್ರೆ ಇಡೀ ಕತೆ ಇರೋದೇ ಇಲ್ಲಿ.

ಒಂದು ಆರ್ಕೆಸ್ಟ್ರಾದಲ್ಲಿ ಯಾರಾದ್ರೂ ರಿಟೈರ್ ಆದ್ರೆ ಇಲ್ಲಾ ಬಿಟ್ಟು ಹೋದ್ರೆ ಮಾತ್ರ ಕುರ್ಚಿ ಖಾಲಿ. ಒಂದು ಕುರ್ಚಿಗೆ ನೂರಕ್ಕೂ ಜಾಸ್ತಿ ಅರ್ಜಿ ಬರೋದು ಮಾಮೂಲು. ಅಮೆರಿಕದಲ್ಲಿ ಸಾಮಾನ್ಯವಾಗಿ ವಿಮಾನದ ಟಿಕೆಟ್ಟು, ಹೋಟೆಲ್ಲು ಎಲ್ಲ ಅಭ್ಯರ್ಥಿ ಜೇಬಿಂದಾನೇ. ಕೆಲವು ಸಲ ಮೂರು ದಿನ ಕೇಳಿ ಕೊನೆಗೆ "ಯಾರೂ ಸರಿಹೋಗಲಿಲ್ಲ" ಅಂತ ಹೇಳಿ ಎಲ್ಲರನ್ನೂ ಮನೆಗೆ ಕಳಿಸಿಬಿಡ್ತಾರೆ, ಕುರ್ಚಿ ಹಾಗೇ ಖಾಲಿ, ಮುಂದಿನ ವರ್ಷ ಮತ್ತೆ ಅದೇ ಜಾತ್ರೆ.

ಏನು ನುಡಿಸ್ಬೇಕು ಅನ್ನೋ ಪಟ್ಟಿ ಮೊದ್ಲೇ ಕಳಿಸ್ತಾರೆ. ಮೊಜಾರ್ಟ್ ಕಾನ್ಚರ್ಟೊ ಮೂರು, ನಾಲ್ಕು, ಐದು, ಇವುಗಳಲ್ಲಿ ಒಂದರ ಮೊದಲ ಭಾಗ ಬಹುತೇಕ ಎಲ್ಲಾ ಕಡೆ ಇದ್ದೇ ಇರುತ್ತೆ. ಕೇಳೋಕೆ ಮಕ್ಕಳಾಟದ ಥರ ಸುಲಭ, ಆದ್ರೆ ಅಲ್ಲಿ ಏನನ್ನೂ ಮುಚ್ಚಿಡೋಕಾಗಲ್ಲ. ನಮ್ಮಲ್ಲಿ ಯಾರಾದ್ರೂ ಚೌಕ ಕಾಲದಲ್ಲಿ ಒಂದು ಸರಳೆ ವರಸೆ ಹಾಡಿದ್ರೆ ಶಾರೀರದ ಬಂಡವಾಳ ಎಲ್ಲಾ ಹೊರಗೆ ಬಂದುಬಿಡುತ್ತಲ್ಲ, ಹಾಗೆ. ಆಮೇಲೆ ಬರೋದು ಎಕ್ಸರ್ಪ್ಟ್ಸ್, ಅಂದ್ರೆ ದೊಡ್ಡ ದೊಡ್ಡ ಕೃತಿಗಳಲ್ಲಿ ಪಿಟೀಲಿಗೆ ಕಷ್ಟ ಇರೋ ತುಣುಕುಗಳು. ರಿಚರ್ಡ್ ಸ್ಟ್ರೌಸ್ ಬರೆದ 'ಡಾನ್ ಹ್ವಾನ್' ಮೊದಲ ಪುಟ ಇದ್ರಲ್ಲಿ ಕುಖ್ಯಾತ. ಅವನು ಇದನ್ನ ಬರೆದಾಗ ಅವನಿಗೇ 24 ವರ್ಷ, 1889ರಲ್ಲಿ ವೈಮಾರಲ್ಲಿ ಮೊದಲ ಸಲ ನುಡಿಸಿದ್ರು. ಶುರುವಾಗೋದೇ ಕೆಳಗಿಂದ ಮೇಲಕ್ಕೆ ಬಾಣ ಬಿಟ್ಟ ಹಾಗೆ, ಮುಂಚೆ ಉಸಿರು ತಗೊಳ್ಳೋಕೂ ಜಾಗ ಇಲ್ಲ. ಸುಮಾರು ಒಂದೂವರೆ ನಿಮಿಷ. ಈ ಒಂದೂವರೆ ನಿಮಿಷಕ್ಕೆ ವರ್ಷಗಟ್ಟಲೆ ಮೆಟ್ರೊನೋಮ್ (ಲಯಕ್ಕೆ ಟಕ್ ಟಕ್ ಅನ್ನೋ ಯಂತ್ರ) ಇಟ್ಕೊಂಡು ಒದ್ದಾಡಿದೋರು ಎಷ್ಟೋ ಜನ. ಅದ್ರ ಹಿಂದೇನೇ ಶೂಮನ್ ಎರಡನೇ ಸಿಂಫನಿಯ ಸ್ಕೆರ್ಟ್ಸೊ ಅನ್ನೋ ಚುರುಕಿನ ಭಾಗ, ನಿಲ್ಲದೇ ಓಡೋ ಸ್ವರಗಳು, ಬೆರಳು ಒಂದು ಕಡೆ ಕಮಾನು ಒಂದು ಕಡೆ ಆದ್ರೆ ಮುಗೀತು. ಆಮೇಲೆ ಮೆಂಡೆಲ್ಸನ್ನಿನ 'ಮಿಡ್‌ಸಮರ್ ನೈಟ್ಸ್ ಡ್ರೀಮ್' ಸ್ಕೆರ್ಟ್ಸೊ, ಅಲ್ಲಿ ಕಮಾನು ತಂತಿ ಮೇಲೆ ಸಾಸಿವೆ ಸಿಡಿದ ಹಾಗೆ ಕುಣೀಬೇಕು, ಆದ್ರೆ ಸದ್ದು ಮಾತ್ರ ಪಿಸುಮಾತಿನಷ್ಟು. ಇವೆಲ್ಲ ಆದ ತಕ್ಷಣ ಬೆವರುತ್ತಿರೋ ಕೈಯಲ್ಲಿ ಬೀಥೊವನ್ ಒಂಬತ್ತನೆಯದರ ನಿಧಾನದ ಭಾಗ, ಎದೆಬಡಿತ ಕಮಾನಿಗೆ ಬರಬಾರದು.

ಇದನ್ನೆಲ್ಲ ಒಬ್ಬಳೇ ನುಡಿಸ್ಬೇಕು ಅನ್ನೋದು ನೋಡಿ ತಮಾಷೆ. ಈ ತುಣುಕುಗಳನ್ನ ಬರೆದಿರೋದೇ ಹದಿನಾರು ಜನ ಒಟ್ಟಿಗೆ ನುಡಿಸೋಕೆ, ಸುತ್ತ ಹಾರ್ನ್, ಟಿಂಪನಿ ಎಲ್ಲ ಇದ್ದು. ಆಡಿಷನ್ನಲ್ಲಿ ಅವ್ಯಾವೂ ಇಲ್ಲ, ಆದ್ರೂ ಅವೆಲ್ಲ ಅವಳ ತಲೇಲಿ ಓಡ್ತಿವೆ ಅನ್ನೋದು ಕೇಳೋರಿಗೆ ಗೊತ್ತಾಗ್ಬೇಕು, ಮೃದಂಗ ಇಲ್ಲದೇ ಹಾಡಿದ್ರೂ ತಾಳ ಕೇಳಿಸ್ಬೇಕು ಅಂತಾರಲ್ಲ ಹಾಗೆ.

ಕೇಳೋರು ಪರದೆ ಹಿಂದೆ. ಅವಳಿಗೆ ಒಂದು ನಂಬರ್ ಕೊಟ್ಟಿರ್ತಾರೆ, ಹೆಸರಿಲ್ಲ. ಚಪ್ಪಲಿ ಹೀಲ್ಸ್ ಸದ್ದಲ್ಲಿ ಗಂಡೋ ಹೆಣ್ಣೋ ಗೊತ್ತಾಗಬಾರದು ಅಂತ ನಡೆಯೋ ದಾರಿಗೆ ಕಾರ್ಪೆಟ್ ಹಾಸಿರ್ತಾರೆ, ಏನಾದ್ರೂ ಕೇಳ್ಬೇಕಂದ್ರೆ ಪಕ್ಕದಲ್ಲಿರೋ ಸಿಬ್ಬಂದಿ ಕಿವೀಲಿ ಹೇಳ್ಬೇಕು, ಅವರು ಅವಳ ಪರವಾಗಿ ಕೇಳ್ತಾರೆ. ಕೆಮ್ಮೋಕೂ ಯೋಚನೆ ಮಾಡೋ ಪರಿಸ್ಥಿತಿ. ಐದೋ ಹತ್ತೋ ನಿಮಿಷ, ಆಮೇಲೆ ಆ ಕಡೆಯಿಂದ "ಥ್ಯಾಂಕ್ ಯು". ಅಷ್ಟೇ.

ಪರದೆ ಬಂದಿದ್ದಕ್ಕೆ ಒಂದು ಇತಿಹಾಸ ಇದೆ. ಬಾಸ್ಟನ್ ಸಿಂಫನಿ 1952ರಲ್ಲೇ ಇದನ್ನ ಶುರುಮಾಡ್ತು, ಬೇರೆಯೋರು 70-80ರ ದಶಕದಲ್ಲಿ ಹಿಂದೆ ಬಂದ್ರು. ಅದಕ್ಕೂ ಮುಂಚೆ ದೊಡ್ಡ ಮೇಷ್ಟ್ರು ಒಬ್ಬರು ಫೋನ್ ಮಾಡಿ "ನಮ್ಮ ಹುಡುಗ ಒಬ್ಬ ಇದಾನೆ" ಅಂದ್ರೆ ಕೆಲಸ ಆಗ್ತಿತ್ತು, ನಮ್ಮ ಕಡೆ ಶಿಫಾರಸು ಅಂತೀವಲ್ಲ ಅದೇ. 1970ರಲ್ಲಿ ಅಮೆರಿಕದ ಟಾಪ್ ಐದು ಆರ್ಕೆಸ್ಟ್ರಾಗಳಲ್ಲಿ ಹೆಂಗಸರು ಶೇ 5ಕ್ಕಿಂತ ಕಡಿಮೆ ಇದ್ರು, 90ರ ದಶಕದ ಕೊನೆಗೆ ಶೇ 25 ಆದ್ರು. ಇದ್ರಲ್ಲಿ ಪರದೆ ಪಾಲೆಷ್ಟು ಅಂತ ಕ್ಲಾಡಿಯಾ ಗೋಲ್ಡಿನ್, ಸಿಸಿಲಿಯಾ ರೌಸ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು 2000ದಲ್ಲಿ ಬರೆದ ಪ್ರಬಂಧ ತುಂಬಾ ಪ್ರಸಿದ್ಧ ಆಯ್ತು, ಆಮೇಲೆ ಅದರ ಅಂಕಿ ಅಂಶ ಅಷ್ಟು ಗಟ್ಟಿ ಇಲ್ಲ ಅಂತ ಬೇರೆ ಸಂಖ್ಯಾಶಾಸ್ತ್ರಜ್ಞರು ತಕರಾರು ತೆಗೆದ್ರು. 2020ರಲ್ಲಿ ನ್ಯೂಯಾರ್ಕ್ ಟೈಮ್ಸ್ ವಿಮರ್ಶಕ ಆಂಟನಿ ಟೊಮಾಸಿನಿ ಇನ್ನೊಂದು ಕಡೆಯಿಂದ ಬಂದು, ಪರದೆ ಇದ್ರೆ ಕರಿಯರು ಲ್ಯಾಟಿನೋಗಳು ಒಳಗೆ ಬರೋದು ನಿಧಾನ ಆಗ್ತಿದೆ, ತೆಗೀರಿ ಅಂದ. ನನಗಂತೂ ಪರದೆ ಇರಲಿ ಅನ್ಸುತ್ತೆ, ಕಿವಿಗಿಂತ ಮುಂಚೆ ಕಣ್ಣು ತೀರ್ಪು ಕೊಡೋದನ್ನ ನಮ್ಮ ಸ್ಪರ್ಧೆಗಳಲ್ಲೂ ಸಾಕಷ್ಟು ನೋಡಿದೀವಿ.

ಕೈ ನಡುಗೋದರ ಬಗ್ಗೆ ಯಾರೂ ಜಾಸ್ತಿ ಮಾತಾಡಲ್ಲ. ಪಿಟೀಲಲ್ಲಿ ಬಲಗೈ ಸ್ವಲ್ಪ ನಡುಗಿದ್ರೂ ಕಮಾನು ತಂತಿ ಮೇಲೆ ಪುಟಿಯುತ್ತೆ, ಪರದೆ ಅದನ್ನ ಮುಚ್ಚಲ್ಲ. ಅದಕ್ಕೆ ಪ್ರೊಪ್ರನೊಲಾಲ್ ಅನ್ನೋ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರು ತುಂಬಾ ಜನ, ಬಿಪಿ ಇರೋರಿಗೆ ಹೃದಯದವರಿಗೆ ಕೊಡೋ ಮಾತ್ರೆನೇ ಅದು. 1987ರಲ್ಲಿ ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳ ಕಲಾವಿದರನ್ನ ಕೇಳಿದಾಗ ಶೇ 27 ಜನ ತಗೊಂಡಿದೀವಿ ಅಂದಿದ್ರು.

ಸರಿ, ಗೆದ್ದಳು ಅಂತಾನೇ ಇಟ್ಕೊಳ್ಳಿ. ಕೆಲಸ ಸಿಕ್ತಾ? ಇನ್ನೂ ಇಲ್ಲ. ಈಗ ಶುರುವಾಗೋದು ಪ್ರೊಬೇಷನ್, ಜರ್ಮನಿಲಿ ಸಾಮಾನ್ಯವಾಗಿ ಒಂದು ವರ್ಷ, ಬರ್ಲಿನ್ ಫಿಲ್ಹಾರ್ಮೋನಿಕ್ಕಲ್ಲಿ ಎರಡು ವರ್ಷದವರೆಗೆ, ಅಮೆರಿಕದಲ್ಲಿ ಒಂದರಿಂದ ಎರಡು. ನನ್ನ ತಮ್ಮನ ಪ್ರಶ್ನೆಗೆ ಉತ್ತರ ಇರೋದು ಇಲ್ಲೇ. ಯಾರಿಗೆ ಗೊತ್ತಾಗುತ್ತೆ? ಸ್ಟ್ಯಾಂಡಿನ ಪಕ್ಕದಲ್ಲಿ ಕೂತಿರೋರಿಗೆ ಗೊತ್ತಾಗುತ್ತೆ. ಅವಳು ಅರ್ಧ ಕ್ಷಣ ಮುಂಚೆ ಬಂದಳಾ, ಮೆತ್ತಗೆ ನುಡಿಸೋ ಕಡೆ ಅವಳ ಪಿಟೀಲು ಗುಂಪಿಂದ ಆಚೆ ಇಣುಕ್ತಾ, ಮುಂದೆ ಕೂತ ಕಾನ್ಸರ್ಟ್‌ಮಾಸ್ಟರ್ ಕಮಾನಿನ ಯಾವ ಜಾಗದಲ್ಲಿ ನುಡಿಸ್ತಿದಾರೋ ಅದೇ ಜಾಗದಲ್ಲಿ ನುಡಿಸ್ತಾಳಾ, ಹೇಳಿದ ತಿದ್ದುಪಡಿ ಪೆನ್ಸಿಲಲ್ಲಿ ಬರ್ಕೊಂಡಳಾ. ಎಲ್ಲ. ಮತ್ತೆ ಅವಳು ಉಳೀಬೇಕಾ ಬೇಡವಾ ಅಂತ ತೀರ್ಮಾನ ಮಾಡುವಾಗ ಅವರ ಮಾತಿಗೇ ತೂಕ, ಜರ್ಮನಿಲಂತೂ ಸಹ ಕಲಾವಿದರು ವೋಟೇ ಹಾಕ್ತಾರೆ.

ನನ್ನ ಪ್ರಕಾರ ಈ ವೃತ್ತಿಯ ಗಂಟು ಇದೇ. ಆಡಿಷನ್ನಲ್ಲಿ ಅವರು ಕೇಳೋದು ಮುಖ್ಯ ಕಲಾವಿದೆನ, ಕೆಲಸಕ್ಕೆ ಬೇಕಾಗಿರೋದು ಪಕ್ಕವಾದ್ಯದವಳು. ನಮ್ಮ ಕಚೇರಿಗಳಲ್ಲಿ ಪಿಟೀಲು ಪಕ್ಕವಾದ್ಯದೋರು ಗಾಯಕರ ಬಾಯಿ ನೋಡ್ಕೊಂಡು, ಅವರ ಸಂಗತಿಯ ಬಾಲ ಹಿಡ್ಕೊಂಡು, ಅವರ ದನಿಯ ನೆರಳಲ್ಲಿ ನುಡಿಸ್ತಾರಲ್ಲ, ಆ ಕಿವಿ. ಆಡಿಷನ್ನಲ್ಲಿ ಅದನ್ನ ಅಳೆಯೋ ಉಪಾಯ ಯಾರ ಹತ್ರಾನೂ ಇಲ್ಲ, ಹಾಗಾಗಿ ಒಂದೆರಡು ವರ್ಷ ಕೂರಿಸ್ಕೊಂಡೇ ನೋಡ್ಬೇಕು. ಲಂಡನ್ನಿನೋರು ಇನ್ನೂ ಒಂದು ಹೆಜ್ಜೆ ಮುಂದೆ, ಆಡಿಷನ್ ಆದ್ಮೇಲೆ ಹಲವರನ್ನ ಒಬ್ಬೊಬ್ಬರಾಗಿ ಟ್ರಯಲ್‌ಗೆ ಕರೀತಾರೆ, ತಿಂಗಳುಗಟ್ಟಲೆ ಅವರ ಜೊತೆ ನುಡಿಸಿದ್ಮೇಲೆ ಒಬ್ಬರಿಗೆ ಕುರ್ಚಿ. ಲಂಡನ್ ಸಿಂಫನಿ ಆರ್ಕೆಸ್ಟ್ರಾ ಹುಟ್ಟಿದ ಕತೆನೂ ಮಜವಾಗಿದೆ. 1904ರಲ್ಲಿ ಕ್ವೀನ್ಸ್ ಹಾಲ್ ಆರ್ಕೆಸ್ಟ್ರಾದಲ್ಲಿ ಕಂಡಕ್ಟರ್ ಹೆನ್ರಿ ವುಡ್ "ಇನ್ಮೇಲೆ ನಿಮ್ಮ ಬದಲಿಗೆ ಬೇರೆಯೋರನ್ನ ಕಳಿಸೋ ಹಾಗಿಲ್ಲ" ಅಂದಿದ್ದಕ್ಕೆ ಸುಮಾರು 40 ಜನ ಸಿಟ್ಟಾಗಿ ಎದ್ದುಬಂದು ತಾವೇ ಆರ್ಕೆಸ್ಟ್ರಾ ಕಟ್ಟಿದ್ರು, ಇವತ್ತಿಗೂ ಅದರ ಮಾಲೀಕರು ನುಡಿಸೋರೇ.

ವೋಟಿನ ತಾಕತ್ತು ಎಷ್ಟು ಅಂದ್ರೆ, ಬರ್ಲಿನ್ನಲ್ಲಿ 80ರ ದಶಕದ ಶುರುವಲ್ಲಿ ಅಲ್ಲಿನ ಕಂಡಕ್ಟರ್ ಆಗಿದ್ದ ಕರಾಯಾನ್ ಅಂಥ ಕರಾಯಾನೇ ಸಬೀನ್ ಮೇಯರ್ ಅನ್ನೋ ಯುವ ಕ್ಲಾರಿನೆಟ್ ಕಲಾವಿದೆ ಬೇಕೇ ಬೇಕು ಅಂತ ಹಠ ಹಿಡಿದ್ರು, ಪ್ರೊಬೇಷನ್ ಕೊನೆಗೆ ಆರ್ಕೆಸ್ಟ್ರಾ 73ಕ್ಕೆ 4 ವೋಟಲ್ಲಿ ಬೇಡ ಅಂತು. ಅವಳ ನಾದ ನಮ್ಮದರ ಜೊತೆ ಬೆರೆಯಲ್ಲ ಅನ್ನೋದು ಅವರ ವಾದ, ಹೆಣ್ಣು ಅನ್ನೋದೇ ಕಾರಣ ಅಂತ ಹೊರಗಿನೋರ ಗುಮಾನಿ. ಆ ಆರ್ಕೆಸ್ಟ್ರಾಗೆ ಮೊದಲ ಮಹಿಳಾ ಸದಸ್ಯೆ ಬಂದಿದ್ದೇ 1982ರಲ್ಲಿ, ಪಿಟೀಲಿನ ಮ್ಯಾಡೆಲೀನ್ ಕಾರುಝೊ. ಮೊದಲ ಕುರ್ಚಿಗೆ ಹೆಂಗಸು ಬರೋಕೆ ಮತ್ತೆ ನಲವತ್ತು ವರ್ಷ ಹಿಡೀತು, 2023ರಲ್ಲಿ ಲಾಟ್ವಿಯಾದ ವಿನೆಟಾ ಸರೈಕಾ-ಫೋಲ್ಕ್ನರ್. ವಿಯೆನ್ನಾ ಫಿಲ್ಹಾರ್ಮೋನಿಕ್ ಇನ್ನೂ ನಿಧಾನ, 1997ರವರೆಗೆ ಹೆಂಗಸರಿಗೆ ಸದಸ್ಯತ್ವನೇ ಇಲ್ಲ. ಅಲ್ಲಿ ಇನ್ನೊಂದು ನಿಯಮ, ಮೊದ್ಲು ಸ್ಟೇಟ್ ಒಪೆರಾದ ಆರ್ಕೆಸ್ಟ್ರಾದಲ್ಲಿ ಕನಿಷ್ಠ ಮೂರು ವರ್ಷ ನುಡಿಸಿರ್ಬೇಕು, ಆಮೇಲೇ ವಿಯೆನ್ನಾ ಫಿಲ್ಹಾರ್ಮೋನಿಕ್ಕಿಗೆ ಅರ್ಜಿ. ಒಪೆರಾ, ಅಂದ್ರೆ ಸಂಗೀತ ನಾಟಕ, ಅಲ್ಲಿ ರಾತ್ರಿಗೊಂದು ಕೃತಿ, ಇವತ್ತು ಮೊಜಾರ್ಟ್ ನಾಳೆ ವಾಗ್ನರ್, ರಿಹರ್ಸಲ್ ಅಷ್ಟಕ್ಕಷ್ಟೇ, ಹಾಡೋರು ಎಲ್ಲಿ ಎಳೀತಾರೋ ಅಲ್ಲಿ ಕಾಯ್ಬೇಕು. ಪಕ್ಕವಾದ್ಯದ ಪಾಠಶಾಲೆ ಅಂತ ಬೇಕಿದ್ರೆ ಅದಕ್ಕಿಂತ ಒಳ್ಳೇದು ಇರಲಿಕ್ಕಿಲ್ಲ.

ಸಂಬಳ ಊರಿಂದ ಊರಿಗೆ ಆಕಾಶ ಭೂಮಿ ವ್ಯತ್ಯಾಸ. ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ 2024ರಲ್ಲಿ ಮಾಡ್ಕೊಂಡ ಮೂರು ವರ್ಷದ ಒಪ್ಪಂದದ ಕೊನೆಗೆ ಕನಿಷ್ಠ ಸಂಬಳನೇ ವರ್ಷಕ್ಕೆ 2,05,000 ಡಾಲರ್. ಆದ್ರೆ ಅಂಥವು ಬೆರಳೆಣಿಕೆ. ಸಣ್ಣ ಊರಿನ ಆರ್ಕೆಸ್ಟ್ರಾಗಳಲ್ಲಿ ಬಂದ ದಿನಕ್ಕೆ ದುಡ್ಡು, ಕ್ಯಾಲಿಫೋರ್ನಿಯಾದಲ್ಲಿ ನಾಲ್ಕು ಊರಿನ ನಾಲ್ಕು ಆರ್ಕೆಸ್ಟ್ರಾಗೆ ಕಾರಲ್ಲಿ ಓಡಾಡ್ಕೊಂಡು ಜೀವನ ಮಾಡೋರು ತಮ್ಮನ್ನ ತಾವೇ 'ಫ್ರೀವೇ ಫಿಲ್ಹಾರ್ಮೋನಿಕ್' ಅಂತ ಗೇಲಿ ಮಾಡ್ಕೊಳ್ತಾರೆ. ಜರ್ಮನಿಲಿ ಸರ್ಕಾರದ ದುಡ್ಡಲ್ಲಿ ನಡೆಯೋ ಆರ್ಕೆಸ್ಟ್ರಾಗಳೇ ಸುಮಾರು 130 ಇರೋದ್ರಿಂದ ಜಪಾನ್ ಕೊರಿಯಾದ ಹುಡುಗರೂ ಅಲ್ಲಿಗೇ ಹೋಗಿ ಸಾಲು ನಿಲ್ತಾರೆ. ದೊಡ್ಡ ಅಮೆರಿಕನ್ ಆರ್ಕೆಸ್ಟ್ರಾದಲ್ಲಿ ವಾರಕ್ಕೆ ಎಂಟು ಸರ್ವಿಸ್ ಅಂತ ಲೆಕ್ಕ, ಒಂದು ರಿಹರ್ಸಲ್ ಅಥವಾ ಒಂದು ಕಾನ್ಸರ್ಟ್ ಒಂದು ಸರ್ವಿಸ್, ಎರಡೂವರೆ ಗಂಟೆ ಆಸುಪಾಸು. ಇಪ್ಪತ್ತೇ ಗಂಟೆನಾ ಅನ್ಬೇಡಿ, ಮನೇಲಿ ಕೂತು ಮುಂದಿನ ವಾರದ್ದು ತಯಾರಿ ಮಾಡೋದು ಇದ್ರಲ್ಲಿಲ್ಲ.

ಮೈಗೂ ಬೆಲೆ ತೆರ್ಬೇಕು. ಗದ್ದದ ಕೆಳಗೆ ಎಡಗಡೆ ಕಪ್ಪು ಗುರುತು ಬಿದ್ದಿರುತ್ತೆ, ಅದು ಅವರ ಗುರುತಿನ ಚೀಟಿ ಥರ. ಭುಜ, ಕುತ್ತಿಗೆ, ಮಣಿಕಟ್ಟು ನೋವು ಸರ್ವೇಸಾಮಾನ್ಯ. ಕಿವಿ ವಿಷಯ ಇನ್ನೂ ಗಂಭೀರ, ಎಡಗಿವಿ ಪಿಟೀಲಿಗೆ ಅಂಟ್ಕೊಂಡೇ ಇರುತ್ತೆ, ಹಿಂದಿಂದ ಟ್ರಂಪೆಟ್ ಥರದ ಬ್ರಾಸ್ ವಾದ್ಯಗಳು ಬೇರೆ. 2012ರಲ್ಲಿ ಲಂಡನ್ನಿನ ರಾಯಲ್ ಒಪೆರಾ ಹೌಸಲ್ಲಿ ವಾಗ್ನರ್ ರಿಹರ್ಸಲ್ ನಡೆಯುವಾಗ ಬ್ರಾಸ್ ವಾದ್ಯಗಳ ಮುಂದೆ ಕೂತಿದ್ದ ವಯೋಲಾ ಕಲಾವಿದರೊಬ್ಬರ ಕಿವಿ ಹಾಳಾಯ್ತು, ಕೋರ್ಟಿಗೆ ಹೋದ್ರು, 2018ರಲ್ಲಿ ಗೆದ್ರು. ಸಂಗೀತ ಅನ್ನೋದು ಗದ್ದಲ ಅಲ್ವಲ್ಲ ಅಂತ ವಾದ ಮಾಡಿದ್ದು ನಿಲ್ಲಲಿಲ್ಲ.

ನಮ್ಮ ಕಡೆಯಿಂದ ಈ ದಾರಿಗೆ ಹೋದೋರು ಇದಾರಾ ಅಂದ್ರೆ, ಕಂಡಕ್ಟರ್ ಝುಬಿನ್ ಮೆಹ್ತಾ ಎಲ್ರಿಗೂ ಗೊತ್ತು, ಅವರ ಅಪ್ಪ ಮೆಹ್ಲಿ ಮೆಹ್ತಾ ಅಷ್ಟು ಗೊತ್ತಿಲ್ಲ. 1935ರಲ್ಲಿ ಬಾಂಬೆ ಸಿಂಫನಿ ಕಟ್ಟಿದ ಪಿಟೀಲುಗಾರ, ಆಮೇಲೆ ನ್ಯೂಯಾರ್ಕಿಗೆ ಹೋಗಿ ಪಿಟೀಲು ಮೇಷ್ಟ್ರು ಇವಾನ್ ಗಲಾಮಿಯನ್ ಹತ್ರ ಮತ್ತೆ ವಿದ್ಯಾರ್ಥಿ ಆಗಿ ಕೂತ್ರು, ಮುಂದೆ ಮ್ಯಾಂಚೆಸ್ಟರಿನ ಹಾಲೆ ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ನುಡಿಸಿದ್ರು. ಈಗ ದೇಶದಲ್ಲಿ ಪೂರ್ಣಾವಧಿ ವೃತ್ತಿಪರ ಅನ್ನೋ ಥರ ಇರೋದು ಮುಂಬೈನ ಎನ್‌ಸಿಪಿಎ ಕಲಾಕೇಂದ್ರದಲ್ಲಿ 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಒಂದೇ, ಅದಕ್ಕೂ ಸೀಸನ್ನಿಗೆ ಹೊರದೇಶದಿಂದ ಬಹಳ ಜನ ಬರ್ತಾರೆ. ಬೆಂಗಳೂರಲ್ಲಿ ಕಲಿಸೋ ಶಾಲೆಗಳಿವೆ, ಗ್ರೇಡ್ ಪರೀಕ್ಷೆಗಳೂ ಇವೆ, ಆದ್ರೆ ಕೊನೆಯದಾದ ಗ್ರೇಡ್ ಎಂಟು ಮುಗಿಸಿದ್ರೆ ಅದು ಆಡಿಷನ್ ದಾರೀಲಿ ಹೆಚ್ಚುಕಮ್ಮಿ ಮೊದಲ ಮೈಲಿಗಲ್ಲು ಅಷ್ಟೇ. ಕರ್ನಾಟಕ ಪಿಟೀಲು ಕಲಿತೋರು ಹಾಗೇ ದಾಟಿ ಹೋಗೋಕೂ ಆಗಲ್ಲ, ನಾವು ನೆಲದ ಮೇಲೆ ಕೂತು ತಲೆಭಾಗ ಕಾಲಿನ ಗೆಣ್ಣಿಗೆ ಒರಗಿಸಿ ಸ-ಪ-ಸ-ಪ ಶ್ರುತಿ ಮಾಡ್ತೀವಿ, ಎಡಗೈ ಜಾರೋಕೆ ಬಿಡುವಾಗಿರುತ್ತೆ, ಗಮಕ ಬರೋದೇ ಅದರಿಂದ. ಅಲ್ಲಿ ಜಾರಿದ್ರೆ ತಪ್ಪು.

ಮೈಸೂರಿಗೂ ಒಂದು ನಂಟಿದೆ, ಅದನ್ನ ಹೇಳದೇ ಬಿಟ್ರೆ ನನಗೇ ಸಮಾಧಾನ ಇಲ್ಲ. ಜಯಚಾಮರಾಜ ಒಡೆಯರ್ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ರು. ಅದೇ 'ಡಾನ್ ಹ್ವಾನ್' ಸ್ಟ್ರೌಸ್ ಸಾಯೋ ಮುಂಚೆ ಬರೆದ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ಜೊತೆ ಮೊದಲ ಸಲ ಕೇಳಿಬಂದಿದ್ದು ಒಡೆಯರ್ ಅವರ ದುಡ್ಡಿನ ಬೆಂಬಲದಿಂದ. ಅವತ್ತು ಆ ಪಿಟೀಲು ಸಾಲಲ್ಲಿ ಕೂತಿದ್ದ ಹುಡುಗರಿಗೆ ಮೈಸೂರು ಎಲ್ಲಿದೆ ಅಂತ ಗೊತ್ತಿತ್ತೋ ಇಲ್ವೋ.

ಪರ್ಮನೆಂಟ್ ಆದ್ಮೇಲೆ ಆ ಹುಡುಗಿ ಏನು ಮಾಡ್ತಾಳೆ? ಕೆಲವರು ಮತ್ತೆ ಆಡಿಷನ್ ಕೊಟ್ಟು ಮುಂದಿನ ಕುರ್ಚಿಗಳಿಗೆ ಹತ್ತುತ್ತಾರೆ. ಅಮೆರಿಕದ ಆಶ್‌ವಿಲ್ ಊರಿನ ನೋವಾ ಬೆಂಡಿಕ್ಸ್-ಬಾಲ್‌ಗ್ಲೀ 27ನೇ ವಯಸ್ಸಲ್ಲೇ ಪಿಟ್ಸ್‌ಬರ್ಗ್ ಕಾನ್ಸರ್ಟ್‌ಮಾಸ್ಟರ್ ಆಗಿ, ಮೂರ್ನಾಲ್ಕು ವರ್ಷಕ್ಕೆ ಬರ್ಲಿನ್ನಲ್ಲಿ ಅದೇ ಕುರ್ಚಿಗೆ ಬಂದ. ಅಂಥೋರು ಅಪರೂಪ. ಹೆಚ್ಚಿನವರು ಮೂವತ್ತು ನಲವತ್ತು ವರ್ಷ ಸಾಲಲ್ಲೇ ನುಡಿಸಿ ರಿಟೈರ್ ಆಗ್ತಾರೆ, ಕೆಲವು ಕಡೆ ಹಿಂದಿನ ಕುರ್ಚಿಗಳನ್ನ ವಾರ ವಾರ ಬದಲಾಯಿಸ್ತಾರೆ, ಯಾರೊಬ್ಬರೇ ಯಾವಾಗ್ಲೂ ಕೊನೇಲಿ ಕೂರೋದು ಬೇಡ ಅಂತ.

ಇಷ್ಟೆಲ್ಲ ತಮ್ಮನಿಗೆ ಹೇಳಿ ಮುಗಿಸೋ ಹೊತ್ತಿಗೆ ಕಾನ್ಸರ್ಟ್ ಇನ್ನೂ ಓಡ್ತಿತ್ತು. ಅವನಿಗೂ ಸ್ವಲ್ಪ ಗೆಲುವು ಕೊಡೋಣ ಅಂತ ಒಂದು ಜಾಗದಲ್ಲಿ ನಿಲ್ಲಿಸಿ ತೋರಿಸಿದೆ. ಪುಟ ತಿರುಗಿಸೋ ಕ್ಷಣ ಅದು, ಎಲ್ಲ ಸ್ಟ್ಯಾಂಡಲ್ಲೂ ಒಳಗಡೆ ಕೂತೋರು ಪಿಟೀಲು ಬಿಟ್ಟು ಪುಟಕ್ಕೆ ಕೈ ಚಾಚಿದಾರೆ, ಆ ಒಂದೆರಡು ಕ್ಷಣ ಹದಿನಾರರಲ್ಲಿ ಎಂಟು ಪಿಟೀಲು ನುಡೀತಾನೇ ಇಲ್ಲ. ಹಿಂದೆ ಹೋಗಿ ಮತ್ತೆ ಹಾಕಿದೆ, ಇಬ್ಬರೂ ಕಣ್ಣು ಮುಚ್ಕೊಂಡು ಕೇಳಿದ್ವಿ. ಎಲ್ಲಿ ಕಮ್ಮಿ ಆಯ್ತು ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.